ಫ್ರಿಜ್ಜಿನ ಉಡಿ ತುಂಬಿದ ಆಯಿ

ಆಯಿಯ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ಸಣ್ಣವರಿದ್ದಾಗಿನಿಂದ ಕುರಿಯ ಉಣ್ಣೆ ನೂತು ನೂತು ಅದರ ತುದಿ ಸವೆದು ನುಣ್ಣಗೆ ಹೊಳೆಯುತ್ತಿತ್ತು. ಗೋಕಾಕದಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಲಕಿ ಅವರು. ಕೆಳಗೆ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಆಯಿ. ಮೇಲೆ ನಾನು ಮತ್ತು ನನ್ನ ಮಗಳು. ಗಂಡ ಸೈನ್ಯದಲ್ಲಿದ್ದರು, ರಜೆ ಸಿಕ್ಕಾಗ ಬಂದು ಹೋಗುತ್ತಿದ್ದರು. ನಾನು ಶಾಲೆಯಲ್ಲಿ ಕಲಿಸುವವಳಾದ್ದರಿಂದ ಆಯಿಗೆ ನಾನು ‘ಅಕ್ಕೋರು’.

ಫ್ರಿಜ್ ತಂದ ದಿನ ಆಯಿ ಮೂಗು ಮುರಿದರು.

“ತಂಗಳದ ಪೆಟಗಿ ತಂದ್ರೇನ್ರಿ ಅಕ್ಕೋರ? ಬಿಸಿ ರೊಟ್ಟಿ ಸೇರವಲ್ವೇನ ನಿಮಗ?”

ನಾನು ಒಳಗೆ ಕರೆದು ಬಾಗಿಲು ತೆಗೆದು ತೋರಿಸಿದೆ. ಒಳಗೆ ಹಾಲು, ತರಕಾರಿ ಏನೂ ಇರಲಿಲ್ಲ. ಇನ್ಸುಲಿನ್ ಬಾಟಲಿಗಳಷ್ಟೇ ಇದ್ದವು. ಎರಡನೇ ತರಗತಿಯ ನನ್ನ ಮಗಳಿಗೆ ಸಕ್ಕರೆ ಕಾಯಿಲೆ ಎಂದು ಆಗಷ್ಟೇ ಗೊತ್ತಾಗಿತ್ತು. ನಮ್ಮ ಕಡೆಯ ಬಿಸಿಲಿಗೆ ಆ ಔಷಧ ಕೆಟ್ಟರೆ ಅವಳ ಗತಿಯೇನು ಎಂಬ ಹೆದರಿಕೆಯೇ ನನ್ನಿಂದ ಫ್ರಿಜ್ ಕೊಳ್ಳಿಸಿತ್ತು. ಆಯಿ ಬಾಗಿಲ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ ಕೆಳಗಿಳಿದು ಹೋದರು. ಅಂದಿನಿಂದ ಕರೆಂಟು ಹೋಯಿತೆಂದರೆ ಸಾಕು, ಮೆಟ್ಟಿಲ ಬುಡದಿಂದ ಅವರ ದನಿ ಕೇಳುತ್ತಿತ್ತು: “ಅಕ್ಕೋರ, ಬಾಗಲಾ ತಗೀಬ್ಯಾಡ್ರಿ, ತಂಪ ಹೊರಗ ಹೊಕ್ಕೈತಿ.”

ಮುಂದೆ ನನಗೆ ಹುಕ್ಕೇರಿಗೆ ವರ್ಗವಾಯಿತು. ಬೇಸಿಗೆ ರಜೆಯಲ್ಲಿ ಮನೆ ಬದಲಿಸಲು ನಿಂತೆವು. ಫ್ರಿಜ್ ಬಂದ್ ಮಾಡಿ, ಬರ್ಫ ಕರಗಿಸಿ, ಒಳಗಿನ ಟ್ರೇಗಳನ್ನೆಲ್ಲ ತೆಗೆದು ಒರೆಸಿಟ್ಟೆ. ದವಾಖಾನೆಯ ಸಿಸ್ಟರ್ ಹೇಳಿದಂತೆ ಇನ್ಸುಲಿನ್ನನ್ನು ಡಬ್ಬಿಯಲ್ಲಿ ಹಾಕಿ ಮಣ್ಣಿನ ಗಡಿಗೆಯೊಳಗಿಟ್ಟು, ಸುತ್ತ ಹಸಿ ಬಟ್ಟೆ ಸುತ್ತಿದೆ. ಮೂಡಲಗಿಯಿಂದ ಮೈದುನ ಟೆಂಪೋ ತಂದಿದ್ದ. ಫ್ರಿಜ್ಜನ್ನು ಅಡ್ಡ ಮಲಗಿಸಿ ಅದರ ಮೇಲೆ ಹಾಸಿಗೆ ಹೇರುವುದು ಅವನ ಲೆಕ್ಕ. ನಿಲ್ಲಿಸಿಯೇ ಒಯ್ಯಬೇಕೆಂದು ಅಂಗಡಿಯವರು ಹೇಳಿದ್ದನ್ನು ನಾನು ಹೇಳಿದರೆ ನಕ್ಕುಬಿಟ್ಟ. ಆಗ ಆಯಿ ನಡುವೆ ಬಂದರು.

“ಬಸರ ಹೆಂಗಸನ್ನ ಗಾಡ್ಯಾಗ ಹೆಂಗ ಕರಕೊಂಡ ಹೊಕ್ಕೀಯೋ ತಮ್ಮಾ? ಹಂಗ ಒಯ್ಯಿ ಇದನ್ನ.”

ತಮ್ಮ ಕಂಬಳಿಯನ್ನೇ ತಂದು ಫ್ರಿಜ್ಜಿಗೆ ಹೊದಿಸಿದರು. ಟೆಂಪೋದಲ್ಲಿ ನಿಲ್ಲಿಸಿಯೇ ಅದರ ಮೇಲಿಂದ ಹಗ್ಗ ಬಿಗಿಸಿದ್ದಾಯಿತು. ನಾವು ಹೊರಡಬೇಕು ಅನ್ನುವಷ್ಟರಲ್ಲಿ ಗಡಿಗೆ ಹಿಡಿದುಕೊಂಡು ಆಯಿ ತಾವೇ ಟೆಂಪೋದ ಹಿಂದೆ ಹತ್ತಿ ಕುಳಿತರು. ಮಗ ಬೇಡವೆಂದು ಗೋಗರೆದ.

“ಸಣ್ಣಾಕಿ ಇದ್ದಾಗ ಕುದರಿ ಮ್ಯಾಲ ಕುರಿಮರಿ ಹಿಡಕೊಂಡ ಊರೂರು ತಿರಗ್ಯಾಕಿ ನಾ. ಇದೇನ ಒದಿತೈತೇನ?” ಎಂದರು.

ಘೋಡಗೇರಿ ಹತ್ತಿರ ರಸ್ತೆ ಕೆಟ್ಟಿತ್ತು. ಹಿಂದಿನಿಂದ ಧಡ್ ಧಡ್ ಎಂದು ಸದ್ದು ಶುರುವಾಯಿತು. ಮೈದುನನ ಪಕ್ಕ ಕುಳಿತಿದ್ದ ನಾನು ಹಿಂದಕ್ಕೆ ಹೊರಳಿ ನೋಡಿದೆ.

“ಮಷೀನ ಕಿತ್ತಂಗ ಕಾಣಸ್ತೈತ್ರಿ ವೈನಿ,” ಎಂದು ಅವನು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದ.

ತೊಡೆಯ ಮೇಲೆ ಮಗಳು ನಿದ್ದೆ ಮಾಡುತ್ತಿದ್ದಳು. ಗೊತ್ತಿಲ್ಲದ ಊರಿನಲ್ಲಿ, ಆ ಬಿಸಿಲಿನಲ್ಲಿ ಬರೀ ಗಡಿಗೆಯನ್ನು ನಂಬಿಕೊಂಡು ಎಷ್ಟು ದಿನ ತಳ್ಳುವುದು ಎಂದು ಲೆಕ್ಕ ಹಾಕತೊಡಗಿದೆ. ಮೈದುನ ಹಗ್ಗ ಬಿಚ್ಚಿ, ಕಂಬಳಿ ಸರಿಸಿ ಬಾಗಿಲು ತೆಗೆದ. ಒಂದು ತೆಂಗಿನಕಾಯಿ ಉರುಳಿ ಬಂದು ಅವನ ಕಾಲ ಮೇಲೆ ಬಿತ್ತು. ಒಳಗೆ ಜೋಳದ ಗಂಟು, ಬೆಲ್ಲದ ಉಂಡೆ, ಎಲೆ ಅಡಿಕೆ.

“ಇದ ಯಾರ ಕೆಲಸ?” ಎಂದು ಅವನು ಕಾಲು ತಿಕ್ಕಿಕೊಂಡ.

“ನಂದ,” ಎಂದರು ಆಯಿ. “ಮನಿ ಹೆಣ್ಮಕ್ಕಳನ್ನ ಬರೀ ಉಡಿಲೆ ಕಳಸೂದಿಲ್ಲ ನಾವು. ಇದೂ ನಮ್ಮ ಮನ್ಯಾಗ ಇದ್ದಾಕಿ.”

ಬಂದ ಸಿಟ್ಟು ಎಲ್ಲಿ ಹೋಯಿತೋ, ರಸ್ತೆ ಬದಿಯಲ್ಲಿ ನಿಂತು ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಯಿ ನಗಲಿಲ್ಲ. ಕಾಯಿಯನ್ನು ಎತ್ತಿಕೊಂಡು ಗಡಿಗೆಯ ಪಕ್ಕ ಮಡಿಲಲ್ಲಿಟ್ಟುಕೊಂಡರು. “ನಡೀರಿ, ಬಿಸಲ ಏರಾಕತ್ತೈತಿ,” ಎಂದರು.

ಹುಕ್ಕೇರಿಯ ಮನೆಯಲ್ಲಿ ಫ್ರಿಜ್ ಇಳಿಸಿದ ಕೂಡಲೇ ಚಾಲೂ ಮಾಡಲು ನನ್ನ ಕೈ ತುರಿಸುತ್ತಿತ್ತು. ಕೆಲವು ತಾಸು ಬಿಡಬೇಕೆಂಬುದು ನನಗೂ ಗೊತ್ತಿತ್ತು, ಆದರೆ ಜೀವ ತಡೆಯಬೇಕಲ್ಲ. ಆಯಿ ಪ್ಲಗ್ಗಿಗೆ ಬೆನ್ನು ಕೊಟ್ಟು ಕುಳಿತುಬಿಟ್ಟರು.

“ದೂರಿಂದ ನಡದ ಬಂದ ಕುರಿಗೆ ಬಂದಕೂಡ್ಲೆ ನೀರ ಕುಡಸೂದಿಲ್ರಿ. ಉಸರ ಇಳೀಲಿ.”

ಮಧ್ಯಾಹ್ನ ಅವರು ಅಲ್ಲಿಯೇ ಊಟ ಮಾಡಿದರು, ಅಲ್ಲಿಯೇ ತೂಕಡಿಸಿದರು. ಹೊತ್ತು ಇಳಿದ ಮೇಲೆ ತಾವೇ ಬಟನ್ ಒತ್ತಿದರು. ಮೊದಲು ಸದ್ದೇ ಇಲ್ಲ. ಆಮೇಲೆ ಗುಂಯ್ ಎಂದು ಶುರುವಾಯಿತು. ಅದು ತಣ್ಣಗಾಗುವವರೆಗೂ ಕಾದು, ಇನ್ಸುಲಿನ್ ಡಬ್ಬಿಯನ್ನು ತಮ್ಮ ಕೈಯಿಂದಲೇ ಒಳಗಿಟ್ಟು, ಮರುದಿನ ಬಸ್ಸಿಗೆ ಗೋಕಾಕಕ್ಕೆ ಹೋದರು. ಅವರಿದ್ದ ಆ ರಾತ್ರಿ ಅಂಥ ನೆಮ್ಮದಿಯ ನಿದ್ದೆ ನನಗೆ ಎಷ್ಟೋ ದಿನದ ಮೇಲೆ ಬಂದಿತ್ತು.

ಆಮೇಲೆ ಮೊಮ್ಮಗನ ಫೋನಿನಿಂದ ಆಗಾಗ ಮಾತಾಡುತ್ತಿದ್ದರು. ಮಕ್ಕಳ ಬೇನೆಯನ್ನು ಹೆಸರು ಹಿಡಿದು ಕೇಳಬಾರದು ಎಂಬುದು ಆಯಿಯ ರೂಢಿ. ಅದಕ್ಕೇ “ಫ್ರಿಜ್ ಆರಾಮ ಐತೇನ್ರಿ ಅಕ್ಕೋರ?” ಎಂದು ಕೇಳುತ್ತಿದ್ದರು. ನಾನೂ ಹಾಗೆಯೇ ಉತ್ತರ ಕೊಡುತ್ತಿದ್ದೆ. ಒಮ್ಮೆ ಮಗಳನ್ನು ದವಾಖಾನೆಗೆ ಸೇರಿಸಬೇಕಾಗಿ ಬಂದಾಗ, “ಜರಾ ತ್ರಾಸ ಕೊಟ್ಟಿತ್ರಿ ಆಯಿ, ಈಗ ಪಾಡ ಐತಿ,” ಎಂದಿದ್ದೆ. ಮರುದಿನ ಬೆಳಗ್ಗೆ ಮೊದಲ ಬಸ್ಸಿಗೇ ಬಂದು ಮಗಳ ತಲೆದೆಸೆಯಲ್ಲಿ ಕುಳಿತಿದ್ದರು. ಹೆತ್ತವರೂ ಅಷ್ಟು ಮಾಡುತ್ತಾರೋ ಇಲ್ಲವೋ.

ಹೋದ ವರ್ಷ ಆಯಿ ತೀರಿಕೊಂಡರು. ಅದಕ್ಕೆ ಸ್ವಲ್ಪ ಮುಂಚೆ ನಾವಿಬ್ಬರೂ ನೋಡಲು ಹೋಗಿದ್ದೆವು. ಮಗಳು ಈಗ ನಿಡಸೋಸಿಯಲ್ಲಿ ಕಾಲೇಜು ಓದುತ್ತಾಳೆ, ಇಂಜೆಕ್ಷನ್ ತಾನೇ ತೆಗೆದುಕೊಳ್ಳುತ್ತಾಳೆ. ಆಯಿಗೆ ಕಣ್ಣು ಮಂಜಾಗಿತ್ತು. ನನ್ನ ದನಿಯ ಮೇಲೆ ಗುರುತು ಹಿಡಿದು, “ಅಕ್ಕೋರ, ಫ್ರಿಜ್…” ಎಂದರು.

ನಾನು ಬಾಯಿ ತೆಗೆಯುವ ಮೊದಲೇ ಮಗಳು ಅವರ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಹೇಳಿದಳು: “ಆರಾಮ ಐತ್ರಿ ಆಯಿ.”