ಹಸಿರು ನೀರಿಗೆ ಸುರಿದ ಬಿಳಿ ಎಣ್ಣೆ

ನಮ್ಮ ಭಾವನವರಿಗೆ ಒಳ್ಳೆಯದು ಮಾಡುವ ಚಟವಿತ್ತು. ಯಾರನ್ನೂ ಒಂದು ಮಾತು ಕೇಳದೆ ಒಳ್ಳೆಯದು ಮಾಡಿಬಿಡುವ ಚಟ. ಅತ್ತೆಯ ಮಂಡಿನೋವಿಗೆ ಯಾರೋ ಹೇಳಿದ ಎಣ್ಣೆ ತಿಕ್ಕಿಸಿ ಚರ್ಮ ಸುಲಿಸಿದ್ದರು. ಪಕ್ಕದ ತೋಟದವರ ಬದುವಿನ ಹೊಂಗೆಮರ ಕಡಿಸಿ, ‘ನಿಮ್ ಸಸಿಗೆ ಬಿಸ್ಲು ಬೀಳ್ಲಿ ಅಂತ ಕಣ್ರೀ’ ಎಂದಿದ್ದರು. ಆಗೆಲ್ಲ ಮನೆಯವರು ನಕ್ಕು ಸುಮ್ಮನಾಗುತ್ತಿದ್ದರು. ನಾನೂ ಸೊಸೆ, ಸುಮ್ಮನಿರುತ್ತಿದ್ದೆ. ಆದರೆ ನಮ್ಮ ಕಾರಿಗೆ ಅವರು ಮಾಡಿದ ಒಳ್ಳೆಯದನ್ನು ಮಾತ್ರ ಇವತ್ತಿಗೂ ನನಗೆ ನುಂಗಿಕೊಳ್ಳಲು ಆಗಿಲ್ಲ.

ಭಾವ ಎಂದರೆ ನನ್ನ ಗಂಡನ ಅಣ್ಣ. ಮಾವ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಅವರದೇ. ಹೊನ್ನವಳ್ಳಿಯಲ್ಲಿ ಮನೆ, ತೋಟ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮಂಡಿಯ ಓಡಾಟಕ್ಕೆಂದು ಒಂದು ಹಳೆಯ ಕಾರು ಕೊಂಡರು. ಓಡಿಸುವವರು ಯಾರು? ನನ್ನ ಗಂಡನಿಗೆ ದಪ್ಪ ಕನ್ನಡಕ ಹಾಕಿದರೂ ಎದುರಿನ ಎಮ್ಮೆ ಕಾಣುತ್ತಿರಲಿಲ್ಲ. ಭಾವ ಕಲಿಯಲು ಹೋಗಿ ಕೊಟ್ಟಿಗೆಯ ಗೋಡೆಗೆ ಗುದ್ದಿ, ‘ಇದೆಲ್ಲ ಡ್ರೈವರ್‌ಗಳ ಕೆಲ್ಸ, ನಮ್ಮಂಥೋರ್ದಲ್ಲ’ ಎಂದು ಇಳಿದುಬಿಟ್ಟರು. ಉಳಿದವಳು ನಾನು. ನನ್ನ ತಂದೆ ಚಿಕ್ಕನಾಯಕನಹಳ್ಳಿಯಲ್ಲಿ ಬಾಡಿಗೆ ಕಾರು ಇಟ್ಟಿದ್ದವರು. ಮದುವೆಗೆ ಮುಂಚೆಯೇ ನನಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದ್ದರು. ಮೊದಮೊದಲು ನಾನು ಕಾರು ಹೊರತೆಗೆದರೆ ಊರಿನ ಜನ ಜಗಲಿಯಿಂದ ಎದ್ದು ನಿಂತು ನೋಡುತ್ತಿದ್ದರು. ಆಮೇಲೆ ಅಭ್ಯಾಸವಾಯಿತು. ಭಾವನವರಿಗೆ ಮಾತ್ರ ಆಗಲಿಲ್ಲ.

ನನ್ನ ತಂದೆ ಇಂಜಿನ್ನಿಗೆ ಮಳೆನೀರು ಬಿಟ್ಟು ಬೇರೆ ನೀರು ಮುಟ್ಟಿಸುತ್ತಿರಲಿಲ್ಲ. ಹೆಂಚಿನ ಸೂರಿನ ಕೆಳಗೆ ಹಂಡೆ ಇಟ್ಟು ಹಿಡಿದು, ಬಟ್ಟೆಯಲ್ಲಿ ಸೋಸಿ ತುಂಬಿಸಿಡುತ್ತಿದ್ದರು. ನಮ್ಮ ತೋಟದ ಬೋರ್‌ವೆಲ್ ನೀರು ಅಂಥದ್ದಲ್ಲ; ಗಡುಸು. ಸೋಪು ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ, ಸ್ನಾನದ ಹಂಡೆಯ ತಳದಲ್ಲಿ ಸುಣ್ಣದ ಹಕ್ಕಳೆ ಕಟ್ಟುತ್ತದೆ. ಕಾರು ಬಂದ ಮೊದಲ ಬೇಸಿಗೆಯಲ್ಲಿ ಅದೇ ನೀರು ಹಾಕಿದ್ದಕ್ಕೆ ರೇಡಿಯೇಟರಿನ ಸಣ್ಣ ಕೊಳವೆಗಳೆಲ್ಲ ಕಟ್ಟಿಕೊಂಡು, ಅದನ್ನು ಬಿಚ್ಚಿಸಿ ತೊಳೆಸಬೇಕಾಯಿತು. ಅಂದಿನಿಂದ ಆ ಕೆಲಸ ನಾನೇ ವಹಿಸಿಕೊಂಡೆ.

ತುಮಕೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಇಂಜಿನ್ ಕಾಯದಂತೆ ರೇಡಿಯೇಟರಿನ ನೀರಿಗೆ ಬೆರೆಸುವ ಕೂಲೆಂಟ್ ಎಂಬುದು ಸಿಗುತ್ತದೆ ಎಂದು ತಂದೆಯೇ ಹೇಳಿದರು. ಹೋದೆ. ಅಂಗಡಿಯವರು ಎರಡು ಬಗೆ ತೋರಿಸಿದರು. ಒಂದು ಡಬ್ಬದಲ್ಲಿ ಹಸಿರು ದ್ರವ. ಇನ್ನೊಂದು ಲೇತ್ ಅಂಗಡಿಗಳಲ್ಲಿ ಕಬ್ಬಿಣ ಕೊರೆಯುವಾಗ ಸುರಿಯುವ ಎಣ್ಣೆ. ನೀರಿಗೆ ಬಿದ್ದರೆ ಹಾಲಿನಂತೆ ಬೆಳ್ಳಗಾಗುತ್ತದೆ, ತುಕ್ಕು ಹಿಡಿಯದಂತೆ ಲಾರಿಯವರು ಅದನ್ನೂ ಹಾಕುತ್ತಾರೆ. ‘ಯಾವ್ದಾದ್ರೂ ಹಾಕಿ, ಎರಡನ್ನೂ ಕೂಡಿಸ್ಬೇಡಿ’ ಎಂದರು. ಹಸಿರು ಡಬ್ಬದ ಮೇಲೂ ಅದನ್ನೇ ಬರೆದಿತ್ತು: ಶುದ್ಧ ನೀರಿನೊಂದಿಗೆ ಸಮಸಮ ಬೆರೆಸಿ, ಬೇರೆ ಯಾವುದರ ಜೊತೆಗೂ ಬೆರೆಸಬೇಡಿ. ಹಸಿರನ್ನೇ ತಂದೆ. ಮಳೆನೀರು ಸೋಸಿ, ಬಕೆಟ್ಟಿನಲ್ಲಿ ಅಳತೆ ಹಿಡಿದು ಬೆರೆಸಿ ತುಂಬಿಸಿದೆ. ಆಮೇಲೆ ಎಂಥ ಬಿಸಿಲಿನಲ್ಲಿ ಓಡಿಸಿದರೂ ಶಾಖದ ಮುಳ್ಳು ಅರ್ಧ ದಾಟಲಿಲ್ಲ. ಮನೆಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದೆ: ರೇಡಿಯೇಟರಿಗೆ ನಾನಲ್ಲದೆ ಯಾರೂ ಏನೂ ಹಾಕಬಾರದು. ಭಾವನವರ ಎದುರು ನಿಂತು ಮಾತಾಡುವ ವಾಡಿಕೆ ಇರಲಿಲ್ಲ. ಅವರು ಊಟಕ್ಕೆ ಕೂತಿದ್ದಾಗ ಅಡುಗೆಮನೆಯ ಬಾಗಿಲಿನಿಂದಲೇ, ಅತ್ತೆಗೆ ಹೇಳುವ ಹಾಗೆ ಹೇಳಿದೆ. ಅವರಿಗೆ ಕೇಳಿಸಿತು. ಕೇಳಿಸಿದ್ದಕ್ಕೆ ‘ಹ್ಞೂಂ’ ಎಂದದ್ದು ನನಗೂ ಕೇಳಿಸಿತು.

ಭಾವನವರ ಮಗಳು ಖೋ-ಖೋ ಆಡುತ್ತಿದ್ದಳು. ಆಡುತ್ತಿದ್ದಳು ಎಂದರೆ ಸಾಲದು. ಕಂಬ ಸುತ್ತಿ ತಿರುಗುವಾಗ ಅವಳ ಜಡೆ ಮಾತ್ರ ಹಿಂದೆ ಉಳಿದಂತೆ ಕಾಣುತ್ತಿತ್ತು, ಮೈ ಆಗಲೇ ಮುಂದೆ ಹೋಗಿರುತ್ತಿತ್ತು. ತಾಲ್ಲೂಕು ಗೆದ್ದಳು, ಜಿಲ್ಲೆ ಗೆದ್ದಳು. ರಾಜ್ಯ ತಂಡಕ್ಕೆ ಹುಡುಗಿಯರನ್ನು ಆರಿಸಲು ತುಮಕೂರಿಗೆ ಕರೆದರು. ಅವಳ ವಯಸ್ಸಿಗೆ ಅದು ಕೊನೆಯ ವರ್ಷ. ಮುಂದಿನ ವರ್ಷ ಆ ತಂಡಕ್ಕೆ ಅವಳನ್ನು ತೆಗೆದುಕೊಳ್ಳುವಂತಿರಲಿಲ್ಲ. ಜೊತೆಯ ಹುಡುಗಿಯರು ಪಿ.ಟಿ. ಮೇಷ್ಟ್ರ ಜೊತೆ ಮೊದಲ ಬಸ್ಸಿಗೆ ಹೊರಟಿದ್ದರು. ಇವಳೂ ಬಸ್ಸಿಗೇ ಹೋಗುತ್ತೇನೆಂದಳು. ಭಾವ ಬಿಡಲಿಲ್ಲ.

‘ಮನೇಲಿ ಕಾರ್ ಮಡೀಕಂಡು ನನ್ ಮಗ್ಳು ಬಸ್ನಲ್ಲಿ ನಿಂತ್ಕಂಡ್ ಹೋಗ್ಬೇಕಾ? ಚಿಕ್ಕಮ್ಮ ಕರ್ಕೊಂಡ್ ಹೋಗ್ತಾಳೆ ಬುಡು’ ಎಂದರು.

ಬೆಳಗಾಗುತ್ತಲೇ ಹೊರಟೆವು. ಹಿಂದಿನ ದಿನ ಮಧ್ಯಾಹ್ನವೇ ಇಂಜಿನ್ ಆಯಿಲ್, ಗಾಳಿ, ನೀರು ಎಲ್ಲ ನೋಡಿ ಇಟ್ಟಿದ್ದೆ. ತಿಪಟೂರು ದಾಟಿದೆವು, ಕೆ.ಬಿ. ಕ್ರಾಸ್ ದಾಟಿದೆವು. ಹುಡುಗಿ ಮಡಿಲಲ್ಲಿ ಕ್ಯಾನ್ವಾಸ್ ಶೂ ಇಟ್ಟುಕೊಂಡು ಕೂತಿದ್ದಳು. ನಿಟ್ಟೂರಿನ ಹತ್ತಿರ ಮುಳ್ಳು ಏರಲು ಶುರುವಾಯಿತು. ನನಗೆ ನಂಬಿಕೆಯಾಗಲಿಲ್ಲ. ಬೆಳಗಿನ ತಂಪು, ಸಮತಟ್ಟು ರಸ್ತೆ, ಕಾರಿನಲ್ಲಿ ಇಬ್ಬರೇ. ನೋಡನೋಡುತ್ತಿದ್ದಂತೆ ಮುಳ್ಳು ಕೆಂಪಿಗೆ ಹೋಯಿತು, ಬಾನೆಟ್ಟಿನ ಸಂದಿಯಿಂದ ಹೊಗೆಯಂತೆ ಆವಿ ನುಗ್ಗಿತು. ಬದಿಗೆ ನಿಲ್ಲಿಸಿದೆ.

ಆರುವವರೆಗೆ ಕಾದು, ಗೋಣಿತಾಟನ್ನು ಮಡಿಸಿ ಹಿಡಿದು ಮುಚ್ಚಳ ತಿರುಗಿಸಿದೆ. ಒಳಗೆ ಹಸಿರು ಇರಲಿಲ್ಲ. ಹುಳಿ ಮಜ್ಜಿಗೆ ಕಾಯಿಸಿದರೆ ಒಡೆಯುತ್ತದಲ್ಲ, ಹಾಗೆ ಒಡೆದು ಗಡ್ಡೆ ಗಡ್ಡೆಯಾದ, ಕಂದು ಬಣ್ಣದ, ಜಿಡ್ಡಿನ ಹೆಪ್ಪು. ಬೆರಳು ಹಾಕಿದರೆ ಬೆರಳಿಗೆ ಅಂಟಿಕೊಂಡಿತು.

‘ಚಿಕ್ಕಮ್ಮ’ ಎಂದಳು ಹುಡುಗಿ, ಹಿಂದಿನಿಂದ. ಅವಳ ಧ್ವನಿ ಸಣ್ಣಗಾಗಿತ್ತು. ‘ನೆನ್ನೆ ಸಂಜೆ ಅಪ್ಪಾಜಿ ಬಾನೆಟ್ ಎತ್ತಿದ್ರು. ಕೆಳಗಡೆ ನಲ್ಲಿ ಬಿಚ್ಚಿ ಒಂದಷ್ಟು ನೀರು ಚೆಲ್ಲಿದ್ರು. ಪಾಚಿ ಕಟ್ಟೈತೆ ಅಂದ್ರು.’

‘ಆಮೇಲೆ?’

‘ಬೋರ್‌ವೆಲ್ ನೀರು ಹಾಕಿದ್ರು. ಲೇತ್ ಅಂಗ್ಡಿಯಿಂದ ಒಂದ್ ಡಬ್ಬ ಎಣ್ಣೆ ತಂದಿದ್ರು, ನೀರಿಗ್ ಬಿದ್ರೆ ಬೆಳ್ಳಗಾಗೋದು. ಅದ್ನೂ ಹುಯ್ದ್ರು. ನಿಮ್ಗೆ ಹೇಳಿರ್ತಾರೆ ಅಂದ್ಕಂಡೆ.’

ಪಾಚಿ! ಅಳತೆ ಹಿಡಿದು ಬೆರೆಸಿದ ನನ್ನ ಹಸಿರು ಅವರ ಕಣ್ಣಿಗೆ ಪಾಚಿಯಾಗಿ ಕಂಡಿತ್ತು. ಗಡುಸು ನೀರು ಬಿದ್ದಾಗಲೇ ಆ ಎಣ್ಣೆ ಒಡೆಯುತ್ತದೆ. ಅದಕ್ಕೆ ಹಸಿರೂ ಸೇರಿ, ಇಂಜಿನ್ನಿನ ಬಿಸಿಯೂ ಸೇರಿ ಈ ಗಸಿಯಾಗಿತ್ತು. ಕೊಳವೆಗಳೆಲ್ಲ ಮುಚ್ಚಿಹೋಗಿದ್ದವು. ಆ ಹುಡುಗಿಯ ಎದುರು ಅವಳ ಅಪ್ಪನನ್ನು ಬೈಯಬಾರದೆಂದು ತುಟಿ ಕಚ್ಚಿಕೊಂಡೆ. ಹತ್ತಿರದ ತೋಟದ ಪಂಪ್‌ಮನೆಯಿಂದ ನೀರು ಹೊತ್ತೆವು, ತೊಳೆದೆವು, ಚೆಲ್ಲಿದೆವು, ಮತ್ತೆ ತುಂಬಿದೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮತ್ತೆ ಕುದಿಯಿತು. ಕೈ ಅಡ್ಡ ಹಿಡಿದರೆ ಬಸ್ಸುಗಳು ತುಂಬಿಕೊಂಡು ನಿಲ್ಲದೆ ಹೋದವು. ಕೊನೆಗೆ ಕೊಬ್ಬರಿ ಚೀಲ ತುಂಬಿದ ಒಂದು ಲಾರಿಯವನು ನಿಲ್ಲಿಸಿ ಹತ್ತಿಸಿಕೊಂಡ.

ಮೈದಾನ ತಲುಪಿದಾಗ ಮಧ್ಯಾಹ್ನ ಕಳೆದಿತ್ತು. ಆಯ್ಕೆ ಮುಗಿದು, ಆರಿಸುವವರು ಬೆಂಗಳೂರಿಗೆ ಹೊರಟುಹೋಗಿದ್ದರು. ಪಿ.ಟಿ. ಮೇಷ್ಟ್ರು ಒಬ್ಬರೇ ನಮಗಾಗಿ ಕಾಯುತ್ತಿದ್ದರು.

‘ಎಷ್ಟ್ ಹೊತ್ತು ಅಂತ ತಡೀಲಮ್ಮ? ಮೂರ್ ಸಲ ಹೆಸ್ರು ಕೂಗಿದ್ರು. ಇವ್ಳು ಬಸ್ಸಲ್ಲೇ ಬಂದಿದ್ರೆ...’ ಎಂದು ಅಲ್ಲಿಗೇ ನಿಲ್ಲಿಸಿದರು.

ಅವಳು ಅಳಲಿಲ್ಲ. ನೆಲದ ಮೇಲೆ ಕೂತು ಶೂ ಹಾಕಿಕೊಂಡಳು, ಲೇಸು ಕಟ್ಟಿದಳು. ಮತ್ತೆ ಬಿಚ್ಚಿದಳು.

ಕಾರನ್ನು ಮರುದಿನ ಲಾರಿಗೆ ಕಟ್ಟಿ ಎಳೆಸಿಕೊಂಡು ಬಂದೆವು. ಅಂಗಳಕ್ಕೆ ಬರುವಷ್ಟರಲ್ಲಿ ಭಾವನವರ ತೀರ್ಪು ಆಗಿಹೋಗಿತ್ತು. ಜಗಲಿಯ ಮೇಲೆ ಕೂತಿದ್ದ ನೆಂಟರಿಗೆಲ್ಲ ಹೇಳುತ್ತಿದ್ದರು: ‘ಹೆಂಗಸ್ರು ಕೈಗೆ ಗಾಡಿ ಕೊಟ್ರೆ ಇನ್ನೇನಾಯ್ತದೆ? ಗೇರ್ ಬದ್ಲಾಯಿಸ್ದೆ ಓಡ್ಸವ್ಳೆ, ಕಾದುಹೋಗೈತೆ.’

ನಾನು ಒಳಗಿನಿಂದ ದೊಡ್ಡ ಬೇಸಿನ್ ತಂದೆ. ರೇಡಿಯೇಟರಿನ ಕೆಳಗಿಟ್ಟು ರಬ್ಬರ್ ಪೈಪು ಕಿತ್ತೆ. ಆ ಗಸಿ ಗೊಳಕ್ ಗೊಳಕ್ ಎಂದು ಬಿತ್ತು. ಬೇಸಿನ್ ಎತ್ತಿಕೊಂಡು ಹೋಗಿ ಜಗಲಿಯ ಮೇಲೆ, ಭಾವನವರ ಕಾಲ ಬಳಿ ಇಟ್ಟೆ. ಆ ಮನೆಗೆ ಬಂದ ಮೇಲೆ ಅವರ ಮುಖ ನೋಡಿ ಮಾತಾಡಿದ್ದು ಅದೇ ಮೊದಲು.

‘ಇದು ಗೇರಿಂದ ಆಗಿದ್ದಲ್ಲ, ಭಾವ. ನೀವು ಹುಯ್ದಿದ್ದು ಇದು.’

‘ನಿನ್ ಹಸ್ರು ಔಷ್ದಿನೇ ಒಡ್ದೋಗಿರದು ಕಣಮ್ಮ. ನಾನ್ ಹಾಕಿದ್ದು ಲಾರಿಯೋರೆಲ್ಲ ಹಾಕದು.’

ಮೂರು ಗಾಜಿನ ಲೋಟ ತಂದೆ. ಒಂದರಲ್ಲಿ ಮಳೆನೀರು ಮತ್ತು ಹಸಿರು. ಒಂದರಲ್ಲಿ ಅವರದೇ ಡಬ್ಬದಲ್ಲಿ ಉಳಿದಿದ್ದ ಎಣ್ಣೆ ಮತ್ತು ಬೋರ್‌ವೆಲ್ ನೀರು. ಮೂರನೆಯದರಲ್ಲಿ ಎಲ್ಲವೂ. ಬಿಸಿಲಿಗಿಟ್ಟೆ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಎರಡನೆಯದರ ಮೇಲೆ ಬಿಳಿ ಕೆನೆ ಕಟ್ಟಿತು, ಮೂರನೆಯದು ಒಡೆದು ಗಡ್ಡೆಯಾಯಿತು. ಮೊದಲನೆಯದು ಹಾಗೆಯೇ ತಿಳಿಯಾಗಿ ನಿಂತಿತ್ತು. ನೆಂಟರೆಲ್ಲ ಬಗ್ಗಿ ನೋಡಿದರು. ಕಣ್ಣಿದ್ದ ಯಾರಿಗಾದರೂ ಕಾಣುವಂಥದ್ದು. ಭಾವ ಹೆಗಲ ಮೇಲಿನ ಟವೆಲ್ ಕೊಡವಿ ಎದ್ದರು.

‘ಲೋಟದಾಗೆ ಒಡ್ಯೋದೇ ಬೇರೆ, ಇಂಜಿನ್ನಾಗೆ ಒಡ್ಯೋದೇ ಬೇರೆ’ ಎಂದು ತೋಟಕ್ಕೆ ಹೋದರು.

ಅತ್ತೆ ನನ್ನನ್ನು ಒಳಗೆ ಕರೆದು ಹೇಳಿದರು: ‘ಗಂಡಸ್ರ ತಪ್ಪನ್ನ ಹಿಂಗೆ ಬೇಸಿನ್ನಾಗೆ ಇಕ್ಕಿ ತೋರಿಸ್ತಾರೇನೇ? ಬುಡು ಅತ್ಲಾಗೆ.’ ನನ್ನ ಗಂಡ ಕನ್ನಡಕ ಒರೆಸುತ್ತ, ‘ಅವ್ನು ದೊಡ್ಡೋನು ಕಣೇ. ಬುಡು’ ಎಂದರು. ಎಲ್ಲರಿಗೂ ಬಿಡುವುದು ಎಷ್ಟು ಸುಲಭ! ಕಳೆದುಕೊಂಡವಳು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ‘ನಿನಗೆ ಅನ್ಯಾಯವಾಯಿತು’ ಎಂದು ಒಬ್ಬರೂ ಅವಳ ಹತ್ತಿರ ಹೋಗಿ ಹೇಳಲಿಲ್ಲ. ನನ್ನ ಸಿಟ್ಟು ಕಾರಿನ ಮೇಲಲ್ಲ, ಎಣ್ಣೆಯ ಮೇಲೂ ಅಲ್ಲ. ತಿಳಿಯದೆ ಹಾಕಿದರು, ಸರಿ. ತಿಳಿದ ಮೇಲೆ?

ಕಾರಿನ ಕೀಲಿ ನನ್ನ ಪೆಟ್ಟಿಗೆಯಲ್ಲಿಟ್ಟೆ. ಭಾವ ತಮ್ಮ ಮಗಳಿಗೆ ‘ನನ್ನಿಂದ ಹಿಂಗಾಯ್ತು’ ಎಂದು ಬಾಯಿಬಿಟ್ಟು ಹೇಳುವವರೆಗೆ ಓಡಿಸುವುದಿಲ್ಲ ಎಂದೆ. ರೇಡಿಯೇಟರ್ ರಿಪೇರಿಯಾಗಿ ಬಂದರೂ ಕಾರು ಕೊಟ್ಟಿಗೆಯ ಪಕ್ಕ ಧೂಳು ತಿನ್ನುತ್ತ ನಿಂತಿತು. ಮಂಡಿಗೆ ಬಸ್ಸು, ಅತ್ತೆಯ ಕಣ್ಣಿನ ಆಸ್ಪತ್ರೆಗೆ ಬಸ್ಸು, ಮದುವೆ ಮುಂಜಿಗೆ ಬಸ್ಸು. ಭಾವ ಒಂದು ದಿನ ಬ್ಯಾಟರಿಗೆ ಹಾಕುವ ಶುದ್ಧ ನೀರಿನ ಕ್ಯಾನು ತಂದು, ಮಾತಿಲ್ಲದೆ ಕಾರಿನ ಪಕ್ಕ ಇಟ್ಟು ಹೋದರು. ‘ಸೋತವ್ನೆ ಕಣೇ, ಇನ್ನಾದ್ರೂ ಬುಡು’ ಎಂದರು ನನ್ನ ಗಂಡ. ನಾನು ಬಿಡಲಿಲ್ಲ. ಕ್ಯಾನಿಗೆ ಬಾಯಿಲ್ಲ, ಭಾವನವರಿಗಿತ್ತು.

ಕೊನೆಗೆ ಕೇಳಿದವಳು ಆ ಹುಡುಗಿಯೇ. ಒಂದು ಮಧ್ಯಾಹ್ನ ಅಪ್ಪನಿಗೆ ಮುದ್ದೆ ಬಡಿಸುತ್ತ, ಧ್ವನಿ ಏರಿಸದೆ ಕೇಳಿದಳು.

‘ಅಪ್ಪಾಜಿ, ಅವತ್ತು ಹುಯ್ಯೋಕ್ ಮುಂಚೆ ಚಿಕ್ಕಮ್ಮನ್ನ ಒಂದ್ ಮಾತು ಯಾಕ್ ಕೇಳ್ಲಿಲ್ಲ?’

‘ನಿನ್ ಒಳ್ಳೇದಕ್ಕೇ ಕಣವ್ವ ನಾನ್ ಮಾಡಿದ್ದು.’

‘ನನ್ ಒಳ್ಳೇದು ನಂಗ್ ಸಿಗ್ಲಿಲ್ವಲ್ಲ.’

ಮುದ್ದೆ ಮುರಿದದ್ದು ಮುರಿದಂತೆಯೇ ಇತ್ತು. ಭಾವ ಕೈ ತೊಳೆದು ಎದ್ದುಹೋದರು. ಆ ಒಂದು ಮಾತು ಆಗಲೂ ಬರಲಿಲ್ಲ. ಸಂಜೆ ಹುಡುಗಿ ನನ್ನ ಬಳಿ ಬಂದು, ‘ಕೀಲಿ ತಗೀರಿ ಚಿಕ್ಕಮ್ಮ. ಅವ್ರು ಹೇಳಲ್ಲ. ಅಜ್ಜಿಗೆ ಬಸ್ ಹತ್ತೋಕ್ ಆಗ್ತಿಲ್ಲ’ ಎಂದಳು. ಅವಳಿಗೋಸ್ಕರ ತೆಗೆದೆ. ಅವಳು ಮುಂದೆ ತುರುವೇಕೆರೆ ಕಡೆಯ ಮನೆಗೆ ಸೊಸೆಯಾಗಿ ಹೋದಳು. ಒಳ್ಳೆಯ ಮನೆಯೇ. ಖೋ-ಖೋ ಮಾತ್ರ ಮತ್ತೆ ಆಡಲಿಲ್ಲ.

ಕೆಲವು ವರ್ಷಗಳ ಮೇಲೆ ಆ ಕಾರನ್ನು ಮಾರಿದೆವು. ಕೊಳ್ಳಲು ಬಂದವರು ದಬ್ಬೇಘಟ್ಟದವರು. ಬಾನೆಟ್ ಎತ್ತಿ ನೋಡಿ, ‘ಇದ್ಕೆ ಯಾವ್ ನೀರು ಹಾಕ್ತಿದ್ರಿ?’ ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಭಾವ ಮುಂದೆ ಬಂದರು.

‘ನೋಡಿ ಸ್ವಾಮಿ, ಹಸ್ರು ಕೂಲೆಂಟು ಅಂತ ಬರ್ತದೆ. ಅದುನ್ನ ಮಳೆನೀರಿಗೆ ಸಮಸಮ ಹಾಕ್ಬೇಕು. ಬೋರ್‌ವೆಲ್ ನೀರು ಮುಟ್ಟಿಸ್ಬೇಡಿ. ಲೇತ್ ಎಣ್ಣೆ ಅಂತೂ ಅಪ್ಪಿತಪ್ಪಿ ಕೂಡಿಸ್ಬೇಡಿ, ಒಡ್ದು ಮೊಸ್ರಾಗೋಯ್ತದೆ.’

ಬಂದವರು ಗೌರವದಿಂದ ತಲೆಯಾಡಿಸಿದರು.

‘ಭಾವ, ಇದ್ನ ನಿಮ್ಗೆ ಯಾರ್ ಹೇಳ್ಕೊಟ್ರು?’ ಎಂದೆ, ಎಲ್ಲರಿಗೂ ಕೇಳುವಂತೆ.

ಅವರು ನನ್ನ ಕಡೆ ತಿರುಗಲೂ ಇಲ್ಲ. ‘ಹೇಳ್ಕೊಡೋದೇನ್ ಬಂತು ಕಣಮ್ಮ’ ಎಂದರು, ಬಾನೆಟ್ ಇಳಿಸುತ್ತ. ‘ಎಲ್ರಿಗೂ ಗೊತ್ತಿರೋದೆ.’