ದಕ್ಕೆಯ ಮೇಲೆ ಉಳಿದ ಟೋಪಿ

ಅಂಕೋಲೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಶಾಲೆಯ ಅಕ್ಕೋರು ಬಿಸಿಲಿರಲಿ, ಮೋಡವಿರಲಿ, ನೀಲಿ ಕೊಡೆಯಿಲ್ಲದೆ ಹೊರಗೆ ಹೊರಡುತ್ತಿರಲಿಲ್ಲ. ಯಾರು ಏನು ಕೇಳಿದರೂ ಕೊಡೆಯ ತುದಿಯಿಂದ ನೆಲ ಕುಟ್ಟಿ, "ನೋಡ್ವಾ" ಎನ್ನುತ್ತಿದ್ದರು. ಐವತ್ತು ದಾಟಿದ ಅವರನ್ನು, ನನ್ನನ್ನು ಮದುವೆಯಾಗುವಿರಾ ಎಂದು ಹೊಳೆದಂಡೆಯ ಊರಾದ ಮಂಜಗುಣಿಯ ವಿಧುರರೊಬ್ಬರು ಕೇಳಿದಾಗಲೂ ಅದೇ ಉತ್ತರ.

ಆ ಶನಿವಾರ ಸಂಜೆ ನನ್ನ ಲ್ಯಾಪ್‌ಟಾಪಿನಲ್ಲಿ ನಾವಿಬ್ಬರೂ ಇಟಲಿಯ ಹಳೆಯದೊಂದು ಪ್ರೇಮಹಾಸ್ಯದ ಸಿನಿಮಾ ನೋಡಿದೆವು. ಕೊನೆಯಲ್ಲಿ ನಾಯಕಿ ನಗುತ್ತ ದೋಣಿ ಹತ್ತುತ್ತಾಳೆ. ಅವಳ ಟೋಪಿ ದೋಣಿ ನಿಲ್ಲುವ ದಕ್ಕೆಯ ಮೇಲೆ, ನಾಯಕನ ಪಕ್ಕದಲ್ಲಿ ಉಳಿಯುತ್ತದೆ. ಆ ದೃಶ್ಯವನ್ನು ಅಕ್ಕೋರು ಮೂರು ಸಲ ಹಾಕಿಸಿದರು.

"ಬಿಟ್ಟೇ ಹೋದ್ಲು, ಅಕ್ಕೋರೆ," ಎಂದೆ.

"ಇಲ್ಲ ತಂಗಿ, ತಿರ್ಗಿ ಬತ್ತದೆ ಆ ಹುಡುಗಿ. ಟೋಪಿ ಮರೆಯೂ ಹೆಣ್ಣಲ್ಲ. ಬೇಕಂತ್ಲೇ ಬಿಟ್ಟದ್ದು."

"ಹಾಂಗಾದ್ರೆ ನೀವು ಮಂಜಗುಣಿಯವರಿಗೆ ಎಂತ ಹೇಳ್ತ್ರಿ?"

"ನಾಳೆ ಹೋಗಿ ಬೇಡ ಅಂದು ಬತ್ತೆ. ಈ ವಯಸ್ಸಿಗೆ ಎಂತಾ ಸಿನಿಮಾ ಮಾರಾಯ್ತಿ!"

ಭಾನುವಾರ ಇಳಿಬಿಸಿಲಿನಲ್ಲಿ ಅವರು ಹಿಂತಿರುಗಿದರು. ಮಂಜಗುಣಿಯ ಹೊಳೆಯ ನೀರಿನ ಮೇಲೆ ತೇಲುತ್ತಿದ್ದಾರೇನೋ ಎನ್ನುವಷ್ಟು ಹಗುರವಾಗಿ ನಡೆದು ಬಂದರು.

"ಎಂತ ಹೇಳಿ ಬಂದ್ರಿ?" ಎಂದು ಕೇಳಿದೆ.

"ನೋಡ್ವಾ," ಎನ್ನುತ್ತ ನೆಲ ಕುಟ್ಟಲು ಕೈಯೆತ್ತಿದರು. ಕೈಯಲ್ಲಿ ಕೊಡೆ ಇರಲಿಲ್ಲ.