ಕೊಳ್ಳುವವನ ಕಣ್ಣು

ಫರಂಗಿಪೇಟೆಯಿಂದ ಬಿ.ಸಿ.ರೋಡಿನವರೆಗೆ ಸ್ಕೂಟರಿನಲ್ಲಿ ಮೀನು ಮಾರುವ ಬದ್ರುದ್ದೀನನ ಬಾಯಲ್ಲಿ ಅಂಗೈಯಗಲದ ಮಾಂಜಿ ಮೀನೂ ಮೊರದಗಲ ಆಗುತ್ತಿತ್ತು. ಅಂಥವನನ್ನು ನಂಬಿ ಯಾರಾದರೂ ಮೀನಿನ ಅಳತೆ ಬರೆದುಕೊಂಡಾರೆ? ಭವ್ಯಶ್ರೀ ಬರೆದುಕೊಂಡಳು. ಬೇರೆ ದಾರಿ ಇರಲಿಲ್ಲ, ಪಾಪ.

ಬಿ.ಸಿ.ರೋಡಿನವಳಾದ ಅವಳು, ಜನವಸತಿಯಿಲ್ಲದ ಒಂದು ದ್ವೀಪದ ಸುತ್ತಲ ಹವಳದ ದಿಬ್ಬಗಳಲ್ಲಿ ಮೀನು ಎಣಿಸುವ ಸಂಶೋಧಕಿ. ಬದ್ರುದ್ದೀನ್ ಜೊತೆಗೆ ಹೋದದ್ದು ಅಡುಗೆಗೆ. ಅಲ್ಲಿ ಒಂದು ಮೀನನ್ನೂ ಹಿಡಿಯಬಾರದು ಎಂದು ಅವನಿಗೆ ಗೊತ್ತಾದದ್ದು ದ್ವೀಪದಲ್ಲಿ ಇಳಿದ ಮೇಲೆ. ಕಾಲಡಿಯಲ್ಲಿ ಮೀನಿನ ಸಂತೆ, ಬಟ್ಟಲಲ್ಲಿ ಮೂರು ಹೊತ್ತೂ ಹೆಸರುಕಾಳಿನ ಗಸಿ.

ಕೊನೆಯ ದಿನ ಭವ್ಯಶ್ರೀಯ ಜೊತೆಗಾರ ರಿಷಭ್ ಕಿವಿನೋವಿನಿಂದ ಮಲಗಿಬಿಟ್ಟ. ಉಳಿದದ್ದು ಒಂದೇ ದಿಬ್ಬ. ಅಲ್ಲಿ ಹಗ್ಗ ಹಾಸಿ, ಅದರ ಉದ್ದಕ್ಕೂ ಇಬ್ಬರು ಈಜುತ್ತ, ಕಂಡ ಮೀನುಗಳ ಉದ್ದವನ್ನು ಒಬ್ಬರಿಗೊಬ್ಬರು ಹೇಳದೆ, ನೀರಲ್ಲೂ ಬರೆಯಬಹುದಾದ ಹಲಗೆಯ ಮೇಲೆ ಬರೆಯಬೇಕು. ಒಬ್ಬರದು ತಪ್ಪಿದರೂ ಅವಳ ಮೂರು ವರ್ಷದ ದುಡಿಮೆ ಅರ್ಧಕ್ಕೇ ನಿಲ್ಲುತ್ತದೆ. ಮಧ್ಯಾಹ್ನ ದೋಣಿ ಬೇರೆ ಬರುವುದಿತ್ತು.

ನೇತ್ರಾವತಿಯಲ್ಲಿ ಈಜು ಕಲಿತ ಬದ್ರುದ್ದೀನನಿಗೆ ಅವಳು ಈಜುಗನ್ನಡಕ ತೊಡಿಸಿ, ನೀರಿನಡಿ ಪೈಪಿನ ತುಂಡುಗಳನ್ನಿಟ್ಟು ಪರೀಕ್ಷೆ ಮಾಡಿದಳು. ನೀರೊಳಗೆ ಎಲ್ಲವೂ ದೊಡ್ಡದಾಗಿಯೇ ಕಾಣುತ್ತದೆ. ಅದರ ಮೇಲೆ ಇವನ ವ್ಯಾಪಾರದ ನಾಲಿಗೆ. ಒಂದಡಿಯ ತುಂಡಿಗೆ ಇಪ್ಪತ್ತು ಇಂಚು ಎಂದ. ಭವ್ಯಶ್ರೀ ತಲೆಯ ಮೇಲೆ ಕೈಹೊತ್ತಳು.

"ಕಾಕ, ಧಕ್ಕೆಯಲ್ಲಿ ನೀವು ಮೀನು ತಗೊಳ್ಳುವಾಗ ಹೇಗೆ ನೋಡ್ತೀರಿ? ಹಾಗೆ ನೋಡಿ."

ದೋಣಿಗಳು ಮೀನಿಳಿಸುವ ಧಕ್ಕೆಯಲ್ಲಿ, ಬೆಲೆ ಇಳಿಸಲು, ಅವನಿಗೆ ತಿಮಿಂಗಿಲವೂ ಗೇಣುದ್ದದ ಬೂತಾಯಿಯೇ. ಮೂತಿ ಸೊಟ್ಟ ಮಾಡಿಕೊಂಡು ಮತ್ತೆ ಮುಳುಗಿದ. ಹತ್ತರಲ್ಲಿ ಒಂಬತ್ತು ಸರಿಯಾಯಿತು.

ಇಬ್ಬರೂ ಹೊರಟರು. ಎದುರಾದ ಮೀನನ್ನೆಲ್ಲ ಹೀಗಳೆಯುತ್ತ ಬದ್ರುದ್ದೀನ್ ಬರೆದದ್ದೇ ಬರೆದದ್ದು. ಹಗ್ಗದ ತುದಿಯಲ್ಲಿ, ಗವಿಯೊಳಗಿಂದ ಒಂದು ಭಾರೀ ಮುರು ಮೀನು ಬಂದು ಅವನ ಮುಖದೆದುರೇ ನಿಂತಿತು. ಅದಕ್ಕೆ ಹೆದರಿಕೆಯೇ ಇರಲಿಲ್ಲ. ಮಂಜುಗಡ್ಡೆಯ ಮೇಲಲ್ಲದೆ ಅವನು ಮುರುವನ್ನು ನೋಡಿದ್ದೇ ಇಲ್ಲ.

ಮೇಲೆ ಬಂದಾಗ ಅವನ ಹಲಗೆಯಲ್ಲಿ ಆ ಮೀನಿನ ಹೆಸರಿತ್ತು, ಉದ್ದ ಇರಲಿಲ್ಲ. ಭವ್ಯಶ್ರೀಯ ಮುಖ ಬಾಡಿತು. ತಾನು ಬರೆದದ್ದನ್ನು ಹೇಳಿಕೊಡುವ ಹಾಗಿಲ್ಲ. ದೂರದಲ್ಲಿ ದೋಣಿ ಕಾಣುತ್ತಿತ್ತು.

"ಅದನ್ನು ಮಾರುವವನ ಹಾಗೆಯೂ ನೋಡ್ಲಿಕ್ಕೆ ಆಗ್ಲಿಲ್ಲ ಮೇಡಂ, ತಗೊಳ್ಳುವವನ ಹಾಗೆಯೂ ಆಗ್ಲಿಲ್ಲ," ಎಂದ. "ಸುಮ್ಮನೆ ನೋಡಿದೆ."

ಅವಳ ಮುಖ ನೋಡಲಾಗದೆ ಮತ್ತೆ ಮುಳುಗಿದ. ಮುರು ಗವಿಯ ಬಾಯಲ್ಲೇ ಇತ್ತು. ಮನಸ್ಸಿನಲ್ಲೇ ಅದರ ಕ್ಷಮೆ ಕೇಳಿ, ಬಲವಂತದಿಂದ ಮೂತಿ ಸೊಟ್ಟ ಮಾಡಿದ.

"ಮೂವತ್ತಾರು ಇಂಚು," ಎಂದ ಮೇಲೆ ಬಂದು.

ಭವ್ಯಶ್ರೀ ತನ್ನ ಹಲಗೆ ತಿರುಗಿಸಿ ತೋರಿಸಿದಳು. ಅಲ್ಲೂ ಮೂವತ್ತಾರು. ಅವಳು ಕುಣಿಯುವುದೊಂದು ಬಾಕಿ. ಬದ್ರುದ್ದೀನ್ ಮಾತ್ರ ದೋಣಿ ಹತ್ತಿದ ಮೇಲೂ ನೀರನ್ನೇ ನೋಡುತ್ತಿದ್ದ. ಅಂಥ ಮೀನನ್ನು ಬರೀ ಮೂವತ್ತಾರಕ್ಕೆ ಇಳಿಸಿಬಿಟ್ಟೆನಲ್ಲ ಎಂದು ತನ್ನಷ್ಟಕ್ಕೇ ಗೊಣಗುತ್ತಿದ್ದ.